ಬೆಳ್ಳುಳ್ಳಿ ವಿಭಾಗದ ವಿದೇಶಿ ಶಿಷ್ಯ

ಮ್ಯಾಂಡರಿನ್ ಕಲಿಯಲೆಂದು ಚೀನಾದ ಚೆಂಗ್ಡು ನಗರಕ್ಕೆ ಹೋಗಿ, ತರಗತಿಯಲ್ಲಿ ಕೂತರೆ ಭಾಷೆ ಬಾರದೆಂದು ಮೊದಲ ಸೆಮಿಸ್ಟರಿನಲ್ಲೇ ತೀರ್ಮಾನಿಸಿ, ಹೋಟೆಲೊಂದರ ಅಡುಗೆಮನೆಗೆ ಇಂಟರ್ನ್ ಆಗಿ ಸೇರಿಕೊಳ್ಳುವ ವಿದೇಶಿ ವಿದ್ಯಾರ್ಥಿಗಳದು ಒಂದು ಪ್ರತ್ಯೇಕ ಪಂಗಡ. ಈತನ ಊರು ಹ್ಯಾಂಬರ್ಗ್ ಇರಬಹುದು, ಕಜಾನ್ ಇರಬಹುದು, ದಾವಣಗೆರೆಯೂ ಇರಬಹುದು. ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸವಿಲ್ಲ: ಕಿಸೆಯಲ್ಲಿ ಎಣ್ಣೆ ಹತ್ತಿದ ನೋಟ್‌ಬುಕ್ಕು, ಫೋನಿನಲ್ಲಿ ಪ್ಲೆಕೊ ನಿಘಂಟು, ಮುಖದ ಮೇಲೆ ಎಲ್ಲವೂ ಅರ್ಥವಾದವನ ನಗು. ಹೆಣ್ಣುಮಕ್ಕಳೂ ಈ ಪಂಗಡದಲ್ಲಿದ್ದಾರೆ. ಆದರೆ ಅವರು ಕೆಲಸವನ್ನು ನಿಜಕ್ಕೂ ಕಲಿತುಬಿಡುವುದರಿಂದ ಹಾಸ್ಯಕ್ಕೆ ಒದಗುವುದು ಕಡಿಮೆ.

ಚೆಂಗ್ಡುವನ್ನೇ ಏಕೆ ಆರಿಸಿಕೊಂಡೆ ಎಂದರೆ ಈತ ಕೊಡುವ ಕಾರಣಗಳೆಲ್ಲ ಘನವಾದವು. ಸಿಚುವಾನ್ ಪ್ರಾಂತದ ಈ ರಾಜಧಾನಿಯನ್ನು ಯುನೆಸ್ಕೊ 2010ರಲ್ಲಿ ಪಾಕಕಲೆಯ ನಗರವೆಂದು ಹೆಸರಿಸಿತು. 1985ರಲ್ಲಿ ಶುರುವಾದ ಇಲ್ಲಿನ ಪಾಕಶಾಸ್ತ್ರ ಕಾಲೇಜು 2013ರಲ್ಲಿ ಪ್ರವಾಸೋದ್ಯಮ ವಿಶ್ವವಿದ್ಯಾಲಯವಾಯಿತು. ಸಿಚುವಾನ್ ಪಾಕಶಾಸ್ತ್ರದವರು ತಮ್ಮ ಅಡುಗೆಯ ರುಚಿಗಳನ್ನು 24 ಬಗೆಯಾಗಿ ವಿಂಗಡಿಸುತ್ತಾರೆ; ಖಾರ ಅವುಗಳಲ್ಲಿ ಕೆಲವಕ್ಕೆ ಮಾತ್ರ ಸೇರಿದ್ದು. ಇದಕ್ಕೆಲ್ಲ ಕಳಶವಿಟ್ಟಂತೆ ಫ್ಯೂಷಿಯಾ ಡನ್‌ಲಪ್ ಅವರ ಕಥೆ. ಬ್ರಿಟಿಷ್ ಕೌನ್ಸಿಲಿನ ವಿದ್ಯಾರ್ಥಿವೇತನದ ಮೇಲೆ 1994ರಲ್ಲಿ ಸಿಚುವಾನ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಆಕೆ ಅದೇ ಪಾಕಶಾಸ್ತ್ರ ಕಾಲೇಜಿನಲ್ಲಿ ಸೌಟು ಹಿಡಿಯುವುದನ್ನು ಕಲಿತು, ಮುಂದೆ ಚೀನೀ ಅಡುಗೆಯ ಮೇಲೆ ಬರೆದ ಪುಸ್ತಕಗಳಿಂದ ಹೆಸರಾದರು. ಪಂಗಡಕ್ಕೆ ಇದೇ ಸ್ಥಳಪುರಾಣ. ಅದರೊಳಗಿನ ಪರಿಶ್ರಮದ ಅಧ್ಯಾಯವನ್ನು ಮಾತ್ರ ಎಲ್ಲರೂ ಹಾರಿಸಿ ಓದಿರುತ್ತಾರೆ.

ನಿಜವಾದ ಕಾರಣ ಇನ್ನೊಂದಿದೆ. ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಆರು ಹಂತಗಳ ಪದ್ಧತಿಯಲ್ಲಿ ಮೂರನೆಯ ಹಂತಕ್ಕೆ 600 ಪದ ಗೊತ್ತಿದ್ದರೆ ಸಾಕು. ನಾಲ್ಕನೆಯದಕ್ಕೆ 1200 ಬೇಕು, ಐದನೆಯದಕ್ಕೆ 2500. ಪ್ರತಿ ಮೆಟ್ಟಿಲೂ ಹಿಂದಿನದರ ಹೆಚ್ಚುಕಮ್ಮಿ ಎರಡು ಪಟ್ಟು. ಮೂರರಲ್ಲಿ ನಿಂತು ನಾಲ್ಕನ್ನು ತಲೆಯೆತ್ತಿ ನೋಡಿದವನಿಗೆ ಪುಸ್ತಕದ ಮೇಲೆ ಜಿಗುಪ್ಸೆ, ಜನಜೀವನದ ಮೇಲೆ ಪ್ರೀತಿ ಎರಡೂ ಒಟ್ಟಿಗೇ ಹುಟ್ಟುತ್ತವೆ.

ಜನಜೀವನಕ್ಕೆ ಇಳಿಯುವ ಮುಂಚೆ ಕಾಗದಪತ್ರಗಳ ಕೆಲಸವಿದೆ. ವಿದ್ಯಾರ್ಥಿಯಾಗಿ ಬಂದವನು ಕ್ಯಾಂಪಸ್ಸಿನ ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು, ಪೊಲೀಸರ ಪ್ರವೇಶ–ನಿರ್ಗಮನ ಕಚೇರಿಗೆ ಹೋಗಿ, ವಾಸದ ಪರವಾನಗಿಯ ಮೇಲೆ ಅದನ್ನು ನಮೂದಿಸಿಕೊಳ್ಳಬೇಕು. ಹಾಗೆ ಮಾಡದೆ ದುಡಿದರೆ 2013ರ ಜುಲೈಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ಸಂಬಳವಿಲ್ಲದೆ ಬೆಳ್ಳುಳ್ಳಿ ಬಿಡಿಸುವುದಕ್ಕೆ ಸರ್ಕಾರ ಇಷ್ಟೊಂದು ಬೆಲೆ ಕಟ್ಟಿರುವುದನ್ನು ಓದಿ ಈತನಿಗೆ ಒಳಗೊಳಗೇ ಹೆಮ್ಮೆಯಾಗುತ್ತದೆ.

ಎರಡನೆಯದು ಆರೋಗ್ಯಪತ್ರ. ಆಹಾರ ಮುಟ್ಟುವ ಕೆಲಸದವರೆಲ್ಲರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡು ಇದನ್ನು ಪಡೆಯಬೇಕು. ಟೈಫಾಯಿಡ್, ಆಮಶಂಕೆಗಳ ರೋಗಾಣುವನ್ನು ಹುಡುಕುವ ಸಲುವಾಗಿ ಅಲ್ಲಿ ಒಂದು ಹತ್ತಿಕಡ್ಡಿಯ ಪರೀಕ್ಷೆಯೂ ಉಂಟು. ಕಡ್ಡಿಯನ್ನು ಎಲ್ಲಿ ಬಳಸಿ ತರಬೇಕೆಂದು ನರ್ಸಮ್ಮ ಸ್ಪಷ್ಟವಾದ ಮ್ಯಾಂಡರಿನ್ನಿನಲ್ಲಿ ಹೇಳುತ್ತಾರೆ. ಈತ ಅರ್ಥವಾಯಿತೆಂದು ನಕ್ಕು, ಬಾಯಿ ಅಗಲಿಸುತ್ತಾನೆ. ನರ್ಸಮ್ಮ ಅಲ್ಲವೆಂದು ತಲೆಯಾಡಿಸಿ ಬಾಗಿಲ ಕಡೆ ಕೈ ತೋರಿಸುತ್ತಾರೆ. ಆ ಬಾಗಿಲ ಮೇಲೆ ಬರೆದಿರುವ ಅಕ್ಷರಗಳು ಮೊದಲ ಹಂತದ ಪಠ್ಯದಲ್ಲೇ ಬಂದಿದ್ದವು.

ಹೋಟೆಲ್ ಸಿಗುವುದು ಪರಿಚಯದಿಂದ. ಭಾಷಾ ಅಧ್ಯಾಪಕಿಯ ಚಿಕ್ಕಪ್ಪನ ಸಹಪಾಠಿಯ ಹೋಟೆಲ್ ಎಂಬ ಮಟ್ಟದ ಪರಿಚಯವಾದರೂ ಸಾಕು. ಸಂದರ್ಶನ ನಡೆಸುವವರು ಮುಖ್ಯ ಅಡುಗೆಯವರು. ಎಲ್ಲರೂ ಅವರನ್ನು ಶಿಫು ಎನ್ನುತ್ತಾರೆ, ಅಂದರೆ ಗುರುಗಳು. ಯಾವ ದೇಶ, ವಯಸ್ಸೆಷ್ಟು, ಖಾರ ತಿನ್ನುತ್ತೀಯಾ ಎಂದು ಕೇಳಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಅಂಥ ನಿರೀಕ್ಷೆಯೇನೂ ಅವರಿಗಿರುವುದಿಲ್ಲ. ಹಿಂದೆ ಶಿಷ್ಯನಾಗುವವನು ಗುರುವಿಗೆ ಚಹಾ ಕೊಟ್ಟು ನಮಸ್ಕರಿಸಿ, ಮೂರು ವರ್ಷ ಚಾಕರಿ ಮಾಡಬೇಕಿತ್ತು ಎಂದು ಈತ ಎಲ್ಲೋ ಓದಿರುತ್ತಾನೆ. ಆ ವಿಧಿಗೆ ಸಿದ್ಧನಾಗಿ ಹೊಸ ಚಹಾ ಡಬ್ಬಿಯನ್ನೂ ತಂದಿರುತ್ತಾನೆ. ಶಿಫು ಡಬ್ಬಿಯನ್ನು ಕಪಾಟಿನ ಮೇಲಿಟ್ಟು, ನಾಳೆ ಒಂಬತ್ತೂವರೆಗೆ ಬಾ ಎನ್ನುತ್ತಾರೆ.

ಒಂಬತ್ತೂವರೆಗೆ ಕೆಲಸವಲ್ಲ, ಸಾಲು. ಹೋಟೆಲಿನ ಮುಂದಿನ ಫುಟ್‌ಪಾತಿನ ಮೇಲೆ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಹಾಜರಿ ಕೊಟ್ಟು, ಗ್ರಾಹಕರ ಸೇವೆಯ ಬಗ್ಗೆ ಘೋಷಣೆ ಕೂಗುವ ಪದ್ಧತಿ ಚೀನಾದ ಬಹಳಷ್ಟು ಹೋಟೆಲುಗಳಲ್ಲಿದೆ. ಮ್ಯಾನೇಜರು ವಿದೇಶಿಯನ್ನು ಮೊದಲ ಸಾಲಿನಲ್ಲಿ, ರಸ್ತೆಗೆ ಕಾಣುವಂತೆ ನಿಲ್ಲಿಸುತ್ತಾರೆ. ಘೋಷಣೆ ಏನೆಂದು ತಿಳಿಯದೆ ಈತ ಅರ್ಧ ಕ್ಷಣ ತಡವಾಗಿ ಕೂಗುವುದರಿಂದ ಬೀದಿಯಲ್ಲಿ ಹೋಗುವವರಿಗೆ ಅದು ಎರಡು ಸಲ ಕೇಳಿಸುತ್ತದೆ. ಮ್ಯಾನೇಜರಿಗೆ ಇದು ಇಷ್ಟವೇ.

ಒಳಗೆ ವರ್ಣಾಶ್ರಮ ಕಟ್ಟುನಿಟ್ಟು. ಎಲ್ಲಕ್ಕಿಂತ ಮೇಲೆ ಬಾಣಲೆ ಹಿಡಿದ ಒಲೆಯವರು. ಅವರ ಬೆನ್ನ ಹಿಂದೆ ಅಗಲ ಕತ್ತಿ ಹಿಡಿದು ಮರದ ಕೊರಡಿನ ಮೇಲೆ ಕತ್ತರಿಸುವವರು. ಇವರಿಬ್ಬರ ನಡುವೆ ತಟ್ಟೆ, ಮಸಾಲೆ ಕೈಗೆ ಕೊಡುತ್ತ ಓಡಾಡುವವರು. ಪಕ್ಕದ ಕೋಣೆಯಲ್ಲಿ ತಣ್ಣನೆ ತಿನಿಸಿನವರು, ಹಿಟ್ಟಿನ ಕೆಲಸದವರು. ಇಂಟರ್ನ್ ಈ ಯಾವುದಕ್ಕೂ ಸೇರಿದವನಲ್ಲ. ಆತನಿಗಾಗಿ ಬಚ್ಚಲ ಪಕ್ಕದಲ್ಲಿ ಪ್ಲಾಸ್ಟಿಕ್ ಮಣೆ ಹಾಕಿ ಬೆಳ್ಳುಳ್ಳಿ ವಿಭಾಗವನ್ನು ತೆರೆದಿರುತ್ತಾರೆ. ಬೆಳ್ಳುಳ್ಳಿ ಮುಗಿದರೆ ಶುಂಠಿ, ಶುಂಠಿ ಮುಗಿದರೆ ಅರ್‌ಜಿಂಗ್‌ತ್ಯಾವ್ ಎಂಬ ಉದ್ದನೆಯ ಮೆಣಸಿನಕಾಯಿಯ ತೊಟ್ಟು. ಆ ಕೈಯನ್ನು ಕಣ್ಣಿಗೆ ಮುಟ್ಟಿಸಬಾರದೆಂಬ ಪಾಠ ಯಾವ ಭಾಷೆಯ ನೆರವೂ ಇಲ್ಲದೆ ಮೊದಲ ದಿನವೇ ಮನದಟ್ಟಾಗುತ್ತದೆ.

ಭಾಷೆಯ ನೆರವು ಬೇಕಾದಲ್ಲಿ ಪಂಗಡದ ಮೂಲ ಸಂಕಟ ಬಯಲಾಗುತ್ತದೆ. ಈತ ಕಲಿಯಲು ಬಂದ ಭಾಷೆಯನ್ನು ಆ ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ಮ್ಯಾಂಡರಿನ್ ಅಲ್ಲಿಯವರಿಗೆ ಟಿವಿಯ ಭಾಷೆ, ಶಾಲೆಯ ಭಾಷೆ, ತಪಾಸಣೆಗೆ ಬರುವ ಅಧಿಕಾರಿಯ ಭಾಷೆ. ಕೆಲಸ ನಡೆಯುವುದು, ಜಗಳವಾಗುವುದು, ನಗು ಹುಟ್ಟುವುದು ಎಲ್ಲ ಸಿಚುವಾನಿನ ಆಡುಮಾತಿನಲ್ಲಿ. ಯಾರಾದರೂ ಮ್ಯಾಂಡರಿನ್ನಿನಲ್ಲಿ ಮಾತಾಡಿಸಿದರೆ ಹೊರಗಿನವನೆಂದು ಎಣಿಸಿದ್ದಾರೆಂದು ಅರ್ಥ. ತಮ್ಮ ಮಾತಿನಲ್ಲೇ ಮಾತಾಡಿಸಿದರೆ ಒಳಗಿನವನೆಂದು ಒಪ್ಪಿದ್ದಾರೆಂದು ಅರ್ಥ. ಒಳಗಿನವನಾದ ದಿನದಿಂದ ಈತನಿಗೆ ಒಂದು ಮಾತೂ ತಿಳಿಯುವುದಿಲ್ಲ.

ಎರಡೂ ಒಂದೇ ಭಾಷೆಯ ಕವಲುಗಳಾದ್ದರಿಂದ ಕಷ್ಟ ಇನ್ನೂ ಹೆಚ್ಚು. ಮ್ಯಾಂಡರಿನ್ನಿನಲ್ಲಿ ನಾಲ್ಕು ಸ್ವರಗಳು, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳು; ಚೆಂಗ್ಡುವಿನಲ್ಲೂ ನಾಲ್ಕೇ. ಆದರೆ ಪುಸ್ತಕದಲ್ಲಿ ತಗ್ಗಿ ಏಳುವ ಮೂರನೆಯ ಸ್ವರ ಇಲ್ಲಿ ಮೇಲಿಂದ ಬೀಳುತ್ತದೆ, ಬೀಳಬೇಕಾದ ನಾಲ್ಕನೆಯದು ತಗ್ಗಿ ಏಳುತ್ತದೆ. ಎರಡನೆಯ ಸ್ವರ ಪುಸ್ತಕದಲ್ಲಿ ಏರುವಂಥದು, ಇಲ್ಲಿ ಇಳಿಯುವಂಥದು. ಉಪ್ಪಿಗೆ ಎರಡನೆಯ ಸ್ವರ, ಸಿಗರೇಟಿಗೆ ಒಂದನೆಯದು. ಉಳಿದ ಉಚ್ಚಾರಣೆ ಒಂದೇ. ಇಂಟರ್ನ್ ಅಧ್ಯಾಪಕಿ ಕಲಿಸಿದಂತೆ ಚೂರೂ ತಪ್ಪಿಲ್ಲದೆ ಸ್ವರವನ್ನು ಏರಿಸಿ ಉಪ್ಪು ಬೇಕೆನ್ನುತ್ತಾನೆ. ಚೆಂಗ್ಡುವಿನ ಒಂದನೆಯ ಸ್ವರ ಒಂದಿಷ್ಟು ಏರುವಂಥದೇ ಆದ್ದರಿಂದ ಒಲೆಯವನು ಪಾಪ, ಕೈ ಒರೆಸಿಕೊಂಡು ಸಿಗರೇಟು ಕೊಡುತ್ತಾನೆ. ಸಕ್ಕರೆ ಕೇಳಿದರೂ ಇದೇ ಗತಿ: ಸೂಪು ಬರುತ್ತದೆ. ಸರಿಯಾಗಿ ಉಚ್ಚರಿಸಿದ್ದಕ್ಕೆ ದೊರೆತ ಶಿಕ್ಷೆಯೆಂದು ಈತನಿಗೆ ತಿಳಿಯುವ ಹೊತ್ತಿಗೆ ಸೇದುವ ಚಟ ಹತ್ತಿರುತ್ತದೆ.

ಶ, ಷ, ಸಗಳ ಗೊಡವೆ ಅಲ್ಲಿ ಕಡಿಮೆ. ಇಂಟರ್ನ್‌ಗೆ ಮ್ಯಾಂಡರಿನ್ನಿನಲ್ಲಿ ಷಿಶೀಷೆಂಗ್ ಎಂಬ ನಾಲಿಗೆ ಹೊರಳಿಸುವ ಹೆಸರಿದೆ. ಅದನ್ನು ಈತ ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಹೋದರೆ ಅಲ್ಲಿ ಸಿಶಿಸೆನ್ ಎಂದು ಕೂಗುತ್ತಾರೆ. ನಾಲ್ಕಕ್ಕೂ ಹತ್ತಕ್ಕೂ ಉಳಿದಿರುವ ಅಂತರ ಸ್ವರದ್ದು ಮಾತ್ರ. ಪುಣ್ಯಕ್ಕೆ ಹತ್ತರವರೆಗಿನ ಎಣಿಕೆಯನ್ನು ಒಂದೇ ಕೈಯಲ್ಲಿ ತೋರಿಸುವ ಪದ್ಧತಿ ಚೀನಾದಲ್ಲಿದೆ: ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದರೆ ಎಂಟು, ಮುಷ್ಟಿ ಹಿಡಿದರೆ ಹತ್ತು. ಗಾಳಿ ಊದುವ ಗ್ಯಾಸ್ ಒಲೆಗಳು ಆರೇಳು ಒಟ್ಟಿಗೆ ಉರಿಯುವಾಗ ಹೇಗೂ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಭಾಷೆ ಕಲಿಯಲು ಇದಕ್ಕಿಂತ ಸದ್ದಿನ ಜಾಗವನ್ನು ಹುಡುಕುವುದು ಕಷ್ಟ. ಕ್ರಿಕೆಟ್ ಮೈದಾನದಲ್ಲಿ ಸಂಗೀತ ಪಾಠಕ್ಕೆ ಕೂತವನೂ ಇಷ್ಟು ದುಡುಕಿರುವುದಿಲ್ಲ. ಜೊತೆಗೆ ಎಲ್ಲರೂ ಚೆಂಗ್ಡುವಿನವರೇ ಅಲ್ಲ. ತರಕಾರಿ ತೊಳೆಯುವ ಹುಡುಗ ಯಿಬಿನ್ ಕಡೆಯವನಾದರೆ ಆತನ ಮಾತಿನಲ್ಲಿ ಐದನೆಯ ಸ್ವರವೂ ಇರುತ್ತದೆ. ಆತನಿಗೆ ಅದು ಗೊತ್ತಿಲ್ಲ.

ಕೆಲಸ ಮುಗಿದ ಮೇಲೂ ಬಿಡುವಿಲ್ಲ. ಅಡುಗೆಮನೆಯ ವೀಚಾಟ್ ಗುಂಪಿಗೆ ಈತನನ್ನು ಸೇರಿಸಿರುತ್ತಾರೆ. ಅಲ್ಲಿ ಯಾರೂ ಬರೆಯುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದರೆ ಬರಹವಾಗುವ ಸೌಲಭ್ಯವಿದೆ; ಮ್ಯಾಂಡರಿನ್ನಿಗೆ ಒಗ್ಗಿದ ಯಂತ್ರ ಆಡುಮಾತನ್ನು ತನಗೆ ತೋಚಿದಂತೆ ಬರೆಯುತ್ತದೆ. ನಾಳೆ ರಜೆ ಎಂಬ ಸಂದೇಶ ಬಂದಿದ್ದರೂ ಬಂದಿರಬಹುದು. ಇಂಟರ್ನ್ ಎಲ್ಲಕ್ಕೂ ಹೆಬ್ಬೆರಳೆತ್ತಿದ ಚಿತ್ರ ಹಾಕಿ, ಮರುದಿನ ಮುಚ್ಚಿದ ಬಾಗಿಲ ಮುಂದೆ ಒಂಬತ್ತೂವರೆಗೆ ಹಾಜರಿರುತ್ತಾನೆ.

ಈ ಪಂಗಡದ ಕನ್ನಡ ಶಾಖೆಗೆ ಕೆಲವು ವಿಶೇಷಗಳುಂಟು. ರೋಮನ್ ಲಿಪಿಯ ಪಿನ್‌ಯಿನ್ ಬರಹದಲ್ಲಿ ಬಿ ಎಂಬ ಅಕ್ಷರಕ್ಕೆ ಪ ಎಂದೂ, ಪಿ ಎಂಬುದಕ್ಕೆ ಫ ಎಂದೂ ಉಚ್ಚಾರಣೆ. ಡಿ ಎಂದರೆ ತ, ಟಿ ಎಂದರೆ ಥ. ಬೇರೆ ದೇಶದವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುವಾಗ ಕನ್ನಡಿಗ ನಮ್ಮ ವರ್ಣಮಾಲೆಯಲ್ಲಿ ಎಲ್ಲ ಇದೆಯೆಂದು ಬೀಗುತ್ತಾನೆ. ವರ್ಣಮಾಲೆಯಲ್ಲಿ ಇರುವುದು ನಿಜ. ನಾಲಿಗೆಯ ಮೇಲೆ ಇರುವುದು ಅನುಮಾನ. ಹುಟ್ಟಿದಾಗಿನಿಂದ ಬಾರತ, ದರ್ಮ, ಕತೆ ಎಂದೇ ಆಡಿಕೊಂಡು ಬಂದವನಿಗೆ ಮಹಾಪ್ರಾಣ ಬೇಕೆಂದಾಗ ಒದಗುವುದಿಲ್ಲ. ಅಡುಗೆಮನೆಯಲ್ಲಿ ಬೋಟಿಗೆ ತೂ ಎನ್ನುತ್ತಾರೆ, ಮೊಲಕ್ಕೆ ಥೂ. ಚೆಂಗ್ಡುವಿನವರು ಮೊಲದ ತಲೆಯನ್ನೂ ಬಿಡದೆ ತಿನ್ನುವವರಾದ್ದರಿಂದ ಎರಡೂ ದಿನಕ್ಕೆ ಹತ್ತಾರು ಸಲ ಬೇಕಾಗುತ್ತವೆ. ಮೊಲ ತರಹೇಳಿದಾಗಲೆಲ್ಲ ಈತ ಬೋಟಿ ತರುತ್ತಾನೆ, ಬೈಸಿಕೊಳ್ಳುತ್ತಾನೆ. ಕೊನೆಗೊಂದು ದಿನ ರೋಸಿಹೋಗಿ ಊರಿನ ಧಾಟಿಯಲ್ಲಿ ಥೂ ಎಂದು ಉಗಿಯುತ್ತಾನೆ. ಮಹಾಪ್ರಾಣ, ಮೇಲಿಂದ ಬೀಳುವ ನಾಲ್ಕನೆಯ ಸ್ವರ ಎರಡೂ ಅಪ್ಪಟ ಬೀಜಿಂಗಿನವು. ಕತ್ತರಿಸುವವನು ಮೆಚ್ಚಿಕೊಂಡು ಮೊಲ ಎತ್ತಿಕೊಡುತ್ತಾನೆ.

ನಿಮ್ಮ ಊರಿನಲ್ಲಿ ಚೀನೀ ಅಡುಗೆ ಸಿಗುತ್ತದೆಯೇ ಎಂದು ಶಿಫು ಕೇಳುವುದುಂಟು. ದಾವಣಗೆರೆಯ ಹುಡುಗ ಉತ್ಸಾಹದಿಂದ ಗೋಬಿ ಮಂಚೂರಿಯನ್ನು ವರ್ಣಿಸುತ್ತಾನೆ: ಹೂಕೋಸು, ಮೈದಾ, ಕರಿಯುವುದು, ಕೆಂಪು ಬಣ್ಣ. ಆ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಶಿಫು ಮಂಚೂರಿಯಾದ ಕಡೆಯ ಇಬ್ಬರನ್ನು ಕರೆದು ವಿಚಾರಿಸುತ್ತಾರೆ, ಅವರೂ ಕೇಳಿದವರಲ್ಲ. ಆಮೇಲೆ ಶೆಜ್ವಾನ್ ಚಟ್ನಿಯ ಮಾತು ಬರುತ್ತದೆ. ಶೆಜ್ವಾನ್ ಎಂದರೆ ಈ ಸಿಚುವಾನೇ ಎಂದು ತಿಳಿದ ಮೇಲೆ ಅಡುಗೆಮನೆಯ ಮಂದಿಗೆ ತಮ್ಮ ಪ್ರಾಂತದ ಕೀರ್ತಿ ಎಲ್ಲಿಯವರೆಗೆ ಹಬ್ಬಿದೆಯೆಂದು ಸಂತೋಷ, ಏನಾಗಿ ಹಬ್ಬಿದೆಯೆಂದು ಚಿಂತೆ. ಅವರ ಖಾರದ ಜೀವಾಳವಾದ ಹ್ವಾಜ್ಯಾವ್ ಮೆಣಸು ಆ ಚಟ್ನಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ನಾಲಿಗೆಯನ್ನು ಜುಮ್ಮೆನಿಸುವ ಆ ಕಾಯಿಯ ಪ್ರಭಾವವನ್ನು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದಾಗ ತುಟಿಯ ಮೇಲಿನ ಕಂಪನ ಸೆಕೆಂಡಿಗೆ ಸುಮಾರು 50 ಸಲ ಮಿಡಿದಂತೆ ಅನಿಸುತ್ತದೆಂದು ಕಂಡಿತು. ಮಲೆನಾಡಿನವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅದೇ ಕುಲದ ಗಿಡ ಅಲ್ಲಿಯ ಕಾಡಿನಲ್ಲಿ ಬೆಳೆಯುತ್ತದೆ, ಅದರ ಕಾಯಿಗೆ ಜುಮ್ಮನಕಾಯಿ ಎಂದೇ ಹೆಸರು. ಶಿರಸಿಯವನೊಬ್ಬ ಈ ಪಂಗಡಕ್ಕೆ ಸೇರಿದರೆ ಮೊದಲ ದಿನವೇ ಹ್ವಾಜ್ಯಾವ್ ಮೂಸಿ ಅಜ್ಜಿಯನ್ನು ನೆನೆಯುತ್ತಾನೆ; ಉಳಿದ ಕನ್ನಡಿಗರು ನಾಲಿಗೆಗೆ ಏನಾಯಿತೆಂದು ಗಾಬರಿಯಾಗುತ್ತಾರೆ.

ಸಸ್ಯಾಹಾರಿಯಾದರೆ ಪಾಡು ಬೇರೆ. ಸಿಬ್ಬಂದಿಯ ಊಟದಲ್ಲಿ ಹುರುಳಿಕಾಯಿ ಇರುತ್ತದೆ, ಬದನೆಕಾಯಿ ಇರುತ್ತದೆ, ತೋಫು ಇರುತ್ತದೆ. ಮೂರರ ಮೇಲೂ ಕೊಚ್ಚಿದ ಹಂದಿಮಾಂಸ ಉದುರಿಸಿರುತ್ತಾರೆ. ಅಷ್ಟು ಸಣ್ಣಗೆ ಕೊಚ್ಚಿದ್ದು ಮಾಂಸದ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಅಲ್ಲಿಯ ನಂಬಿಕೆ. ವಿದೇಶಿ ಶಿಷ್ಯ ಬರಿ ಅನ್ನಕ್ಕೆ ಉಪ್ಪಿನಲ್ಲಿ ಹುಳಿಯಿಸಿದ ತರಕಾರಿ ಕಲಸಿಕೊಂಡು ಉಣ್ಣುವುದನ್ನು ನೋಡಿ ಮರುಗಿದ ಅಡುಗೆಯವರು ಮರುದಿನ ಆತನಿಗೆಂದೇ ಮಾಂಸವಿಲ್ಲದ ಬದನೆಕಾಯಿ ಮಾಡುತ್ತಾರೆ. ಅದನ್ನು ಹುರಿದಿರುವುದು ಹಂದಿಯ ಕೊಬ್ಬಿನಲ್ಲಿ.

ಓದುವ ವಿದ್ಯೆಯೂ ಅಡುಗೆಮನೆಯಲ್ಲಿ ಕೈಕೊಡುತ್ತದೆ. ಗ್ರಾಹಕರ ಆರ್ಡರು ಮುದ್ರಿತವಾಗಿ ಬರುತ್ತದೆ, ಅದೇನೋ ಸರಿ. ಆದರೆ ಫ್ರಿಜ್ಜಿನ ಡಬ್ಬಿಗಳ ಚೀಟಿ, ನಾಳೆಯ ಸಾಮಾನಿನ ಪಟ್ಟಿ ಎಲ್ಲ ಕೈಬರಹ. ಮೊಟ್ಟೆ ಎಂಬ ಅಕ್ಷರಕ್ಕೆ ಪುಸ್ತಕದಲ್ಲಿ 11 ಗೆರೆ. ಅಷ್ಟು ಬರೆಯುವಷ್ಟರಲ್ಲಿ ಮೊಟ್ಟೆ ಹೊತ್ತಿಹೋಗುತ್ತದೆಂದು ಅಡುಗೆಯವರು ಅದೇ ಉಚ್ಚಾರಣೆಯ ಐದು ಗೆರೆಯ ಇನ್ನೊಂದು ಅಕ್ಷರ ಗೀಚುತ್ತಾರೆ. ಊಟ ಎಂಬ 16 ಗೆರೆಯ ಅಕ್ಷರದ ಮೂಲೆಯೊಂದನ್ನಷ್ಟೇ ಬರೆದು ಬಿಡುತ್ತಾರೆ. ಹೀಗೆ ಅಕ್ಷರಗಳನ್ನು ಇನ್ನಷ್ಟು ಸರಳಗೊಳಿಸುವ ಯೋಜನೆಯನ್ನು ಚೀನಾ ಸರ್ಕಾರವೇ 1977ರಲ್ಲಿ ತಂದು, 1986ರಲ್ಲಿ ಕೈಬಿಟ್ಟಿತು. ಕೈಬಿಟ್ಟ ಸುದ್ದಿ ಅಡುಗೆಮನೆಗಳಿಗೆ ಇನ್ನೂ ತಲುಪಿದಂತಿಲ್ಲ. ಈತ ನಿಘಂಟು ತೆರೆದು ಆ ಐದು ಗೆರೆಯ ಅಕ್ಷರವನ್ನು ಹುಡುಕಿದರೆ ಬೆಳಗಿನ ಜಾವ ಎಂಬ ಅರ್ಥ ಸಿಗುತ್ತದೆ. ಎರಡು ಡಜನ್ ಬೆಳಗಿನ ಜಾವ ತರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಇದು ಕಾವ್ಯಮಯ ಜನಾಂಗವೆಂದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾನೆ.

ಭಾಷೆ ಏನಾದರೂ ಕಲಿತರೆ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯೊಳಗೆ. ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ ಅಡುಗೆಯವರು ಮೂರು ಕುರ್ಚಿ ಜೋಡಿಸಿ ಮಲಗುತ್ತಾರೆ, ಇಲ್ಲವೇ ಇಸ್ಪೀಟು ಹಾಕುತ್ತಾರೆ. ಒಲೆ ಆರಿರುವುದರಿಂದ ಮಾತು ಕೇಳಿಸುತ್ತದೆ. ಬೇಸರವಾಗಿರುವುದರಿಂದ ನಿಧಾನವಾಗಿ ಆಡುತ್ತಾರೆ. ಪ್ರಶ್ನೆಗಳು ಮಾತ್ರ ದಿನಾಲೂ ಅವೇ. ನಿಮ್ಮಲ್ಲಿ ಅಡುಗೆಯವನಿಗೆ ಸಂಬಳವೆಷ್ಟು? ಮದುವೆಯಾಗಿದೆಯೇ? ಯಾಕಾಗಿಲ್ಲ? ಸಂಬಳವಿಲ್ಲದೆ ದುಡಿಯುವುದಕ್ಕೆ ಇಷ್ಟು ದೂರ ಯಾಕೆ ಬಂದೆ? ಮೊದಲ ಮೂರಕ್ಕೆ ಉತ್ತರ ಬಾಯಿಪಾಠವಾಗಿಬಿಡುತ್ತದೆ. ಕೊನೆಯದಕ್ಕೆ ಸಂಸ್ಕೃತಿ, ಅನುಭವ ಎಂದೆಲ್ಲ ಹೇಳಲು ಹೊರಟು ಪದ ಸಿಗದೆ ಬೆಳ್ಳುಳ್ಳಿ ಇಷ್ಟ ಎಂದುಬಿಡುತ್ತಾನೆ. ಆ ಉತ್ತರ ಅವರಿಗೆ ಒಪ್ಪಿಗೆಯಾಗುತ್ತದೆ. ಅವರೆಲ್ಲ ಚಿಕ್ಕ ಊರುಗಳಿಂದ ಬಂದು, ಊಟ ವಸತಿ ಹೋಟೆಲಿನದೇ ಎಂಬ ಕರಾರಿನ ಮೇಲೆ ಒಂದೊಂದು ಕೋಣೆಯಲ್ಲಿ ಆರೆಂಟು ಜನ ಮಲಗುವ ಹುಡುಗರು. ಅನುಭವ ಬೇಕೆಂದು ಯಾರೂ ಬಂದವರಲ್ಲ.

ಮನೆಗೆ ಹೋಗುವ ವರದಿಯೇ ಬೇರೆ. ಬಿಳಿ ಕೋಟು ತೊಟ್ಟು, ಯಾರದೋ ಬಾಣಲೆ ಹಿಡಿದು ತೆಗೆಸಿಕೊಂಡ ಚಿತ್ರ ಊರಿನ ಬಂಧುಗಳನ್ನೆಲ್ಲ ಸುತ್ತಿ ಬರುತ್ತದೆ. ತಾಯಿಯೊಬ್ಬರು ಮೋಸಹೋಗುವುದಿಲ್ಲ. ವಿಡಿಯೋ ಕರೆಯಲ್ಲಿ ಬೆರಳುಗಳನ್ನು ನೋಡಿ, “ಇಲ್ಲಿದ್ದಾಗ ಒಂದು ಎಸಳು ಬೆಳ್ಳುಳ್ಳಿ ಬಿಡಿಸಿಕೊಟ್ಟವನಲ್ಲ, ಅಲ್ಲಿ ಹೋಗಿ ಮೂಟೆಗಟ್ಟಲೆ ಬಿಡಿಸ್ತೀಯೇನೋ?” ಎನ್ನುತ್ತಾರೆ. ಅದು ಅಡುಗೆಯ ಬುನಾದಿ ಅಮ್ಮ, ಎಂದು ಈತ.

ಬುನಾದಿಯ ಮೇಲೆ ಒಂದು ಮಹಡಿಯಾದರೂ ಏಳುತ್ತದೆ. ತಿಂಗಳು ಕಳೆದ ಮೇಲೆ ಒಂದು ದಿನ ಕತ್ತರಿಸುವವನು ಅಗಲ ಕತ್ತಿ ಕೊಟ್ಟು ಆಲೂಗೆಡ್ಡೆ ಮುಂದಿಡುತ್ತಾನೆ. ಆಲೂಗೆಡ್ಡೆಯನ್ನು ಬೆಂಕಿಕಡ್ಡಿಗಿಂತ ತೆಳ್ಳಗೆ, ಒಂದೇ ಸಮನಾದ ಎಳೆಗಳಾಗಿ ಹೆಚ್ಚುವುದು ಚೀನೀ ಅಡುಗೆಮನೆಯ ಅಕ್ಷರಾಭ್ಯಾಸ. ದಪ್ಪ ಎಳೆ ಬೇಯುವ ಹೊತ್ತಿಗೆ ತೆಳು ಎಳೆ ಮೆತ್ತಗಾಗುತ್ತದೆ. ಗರಿಗರಿ ಉಳಿಯಬೇಕಾದರೆ ಎಲ್ಲವೂ ಒಂದೇ ಗಾತ್ರವಿರಬೇಕು. ಈತ ಹೆಚ್ಚಿದ್ದನ್ನು ಶಿಫು ಎತ್ತಿ ನೋಡಿ, ಏನೂ ಹೇಳದೆ, ಅಂದಿನ ಸಿಬ್ಬಂದಿಯ ಊಟಕ್ಕೆ ಹಾಕಿಸುತ್ತಾರೆ. ಎಲ್ಲರೂ ಚಾಪ್‌ಸ್ಟಿಕ್ಕಿನಲ್ಲಿ ಒಂದೊಂದು ತುಂಡು ಹಿಡಿದೆತ್ತಿ ಇದು ಎಳೆಯೋ ತೊಲೆಯೋ ಎಂದು ಚರ್ಚಿಸುತ್ತಾರೆ. ಆ ಚರ್ಚೆಯಲ್ಲಿ ಬಂದ ಬೈಗುಳಗಳೆಲ್ಲ ಈತನಿಗೆ ಅರ್ಥವಾಗುತ್ತವೆ. ಅಂದು ರಾತ್ರಿ ಈತ ನಿದ್ದೆಯಿಲ್ಲದೆ ಸಂಭ್ರಮಿಸುತ್ತಾನೆ.

ಅರ್ಥವಾದುದನ್ನು ಬಳಸದಿರುವ ಸಂಯಮ ಈ ಪಂಗಡಕ್ಕಿಲ್ಲ. ತರಗತಿಯಲ್ಲಿ ಅಧ್ಯಾಪಕಿ ಪುಸ್ತಕ ಕೊಡು ಎಂದರೆ ಸಿಚುವಾನಿನ ಧಾಟಿಯಲ್ಲಿ ಯಾವ್‌ದೇ, ಆಯ್ತು, ಎನ್ನುತ್ತಾನೆ. ಪುಸ್ತಕ ಕೈಜಾರಿದರೆ ಒಲೆಯವನು ಬಾಣಲೆ ಹೊತ್ತಿದಾಗ ಅನ್ನುವುದನ್ನು ಅನ್ನುತ್ತಾನೆ. ಅಧ್ಯಾಪಕಿ ಚೆಂಗ್ಡುವಿನವರೇ ಆದ್ದರಿಂದ ಕಿವಿ ಕೆಂಪಾಗುತ್ತದೆ. ಎಚ್‌ಎಸ್‌ಕೆ ನಾಲ್ಕನೆಯ ಹಂತದ ಪರೀಕ್ಷೆಗೆ 300 ಅಂಕ, ಪಾಸಾಗಲು 180. ಕೇಳಿಸಿಕೊಳ್ಳುವ ಭಾಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ವಿಮಾನದ ಟಿಕೆಟ್ಟು, ಹವಾಮಾನಗಳ ಬಗ್ಗೆ ಶುದ್ಧ ಮ್ಯಾಂಡರಿನ್ನಿನಲ್ಲಿ, ಹಿಂದೆ ಒಲೆಯ ಸದ್ದಿಲ್ಲದೆ, ಒಬ್ಬರನ್ನೊಬ್ಬರು ಬೈಯದೆ ಮಾತಾಡುತ್ತಾರೆ. ಅಂಥ ಸಂಭಾಷಣೆ ಕೇಳಿ ಈತನಿಗೆ ಬಹಳ ದಿನವಾಗಿರುತ್ತದೆ. ಆದರೂ ಹೆಚ್ಚಿನವರು ಅಂಚಿನಲ್ಲಿ ಪಾಸಾಗುತ್ತಾರೆ. ಇಸ್ಪೀಟಿನ ಮಧ್ಯಾಹ್ನಗಳು ಅಷ್ಟಾದರೂ ಕೈಹಿಡಿದಿರುತ್ತವೆ.

ಕೊನೆಯ ಘಟ್ಟ ಪ್ರಮಾಣಪತ್ರ. ಊರಿನ ಕಾಲೇಜಿನವರು ನಮೂನೆ ಕಳಿಸಿರುತ್ತಾರೆ: ನಾಯಕತ್ವ, ಹೊಸತನ, ಸಂವಹನ ಕೌಶಲ ಎಂದು ಹತ್ತು ಅಂಕಣ, ಕೆಳಗೆ ಮೇಲ್ವಿಚಾರಕರ ಅಭಿಪ್ರಾಯ ಚೀನೀ ಭಾಷೆಯಲ್ಲಿ, ಅದರ ಮೇಲೆ ಸಂಸ್ಥೆಯ ಮುದ್ರೆ. ಶಿಫು ಹತ್ತಕ್ಕೂ ಪೂರ್ತಿ ಅಂಕ ಕೊಡುತ್ತಾರೆ. ಅಭಿಪ್ರಾಯ ಬರೆಯುವುದು ತಮ್ಮ ಕೆಲಸವಲ್ಲ, ಸ್ಕೂಲಿಗೆ ಹೋಗುವವನು ನೀನು, ನೀನೇ ಬರಿ ಎಂದು ಹಾಳೆಯನ್ನು ತಿರುಗಿಸುತ್ತಾರೆ. ಈತ ಎರಡು ರಾತ್ರಿ ನಿಘಂಟು ಹಿಡಿದು ತನ್ನ ಶ್ರದ್ಧೆ, ವಿನಯ, ಭಾಷಾಪ್ರಭುತ್ವಗಳ ಮೇಲೆ ಎಂಟು ಸಾಲು ಬರೆಯುತ್ತಾನೆ. ಶಿಫು ಓದಿ, ತಪ್ಪಿದ್ದಲ್ಲೆಲ್ಲ ತಡೆದು ನಿಂತು, ಏನೂ ತಿದ್ದದೆ ಲೆಕ್ಕಪತ್ರದ ಹೆಂಗಸಿಗೆ ಕೊಡುತ್ತಾರೆ. ಆಕೆ ಬೀಗ ತೆಗೆದು, ನಡುವೆ ನಕ್ಷತ್ರವಿರುವ ದುಂಡನೆಯ ಕೆಂಪು ಮುದ್ರೆಯನ್ನು ತಂದು ಭಾಷಾಪ್ರಭುತ್ವದ ಸಾಲಿನ ಮೇಲೆ ಒತ್ತುತ್ತಾರೆ. ಅಲ್ಲಿದ್ದ ತಪ್ಪು ಮುಚ್ಚಿಹೋಗುತ್ತದೆ, ಉಳಿದ ಏಳು ಸಾಲಿನವು ಹಾಗೇ ಇರುತ್ತವೆ.